ಈಗ ನಿಂತಿರೋದು ನಾನು

ನಮ್ಮ ಅತ್ತೆ ಬಸ್ ಕಂಡಕ್ಟರ್ ಆಗಿದ್ದವರು. ಹೆಂಗಸೊಬ್ಬಳು ಹೆಗಲಿಗೆ ಚೀಲ ನೇತುಹಾಕಿಕೊಂಡು ಟಿಕೆಟ್ ಹರಿಯುವುದನ್ನು ಜನ ಬಾಯಿ ಬಿಟ್ಟು ನೋಡುತ್ತಿದ್ದ ಕಾಲದಲ್ಲಿ ಕೆಲಸಕ್ಕೆ ಸೇರಿ, ಆ ಬಾಯಿಗಳೆಲ್ಲ ಮುಚ್ಚುವವರೆಗೂ ದುಡಿದು ನಿವೃತ್ತರಾದರು. ಅವರ ಗಂಟಲಿನ ಬಗ್ಗೆ ಡಿಪೋದಲ್ಲಿ ಒಂದು ಮಾತಿತ್ತು: ಹಾರ್ನ್ ಕೆಟ್ಟರೆ ಡ್ರೈವರ್ ಹೆದರಬೇಕಾಗಿಲ್ಲ, ಈಯಮ್ಮನನ್ನು ಮುಂದಿನ ಬಾಗಿಲಲ್ಲಿ ನಿಲ್ಲಿಸಿದರೆ ಸಾಕು. ನಾನು ಸೊಸೆಯಾಗಿ ಬಂದ ಹೊಸದರಲ್ಲಿ ಅವರು ಅಡುಗೆಮನೆಯಿಂದ "ಉಪ್ಪು ಎಲ್ಲಿಟ್ಟೆ?" ಎಂದು ಕೇಳಿದರೆ ಪಕ್ಕದ ಮನೆಯವರು ಉತ್ತರ ಕೊಡುತ್ತಿದ್ದರು.

ಮಾವ ಟೈಲರ್. ಮನೆಯ ಮುಂದಿನ ಕೋಣೆಯೇ ಅವರ ಅಂಗಡಿ. ಮಾತು ಬಹಳ ಕಡಿಮೆ. "ನನ್ನ ಬಾಯಲ್ಲಿ ಯಾವಾಗಲೂ ಗುಂಡುಸೂಜಿ ಇರುತ್ತೆ, ಅದಕ್ಕೇ ಮಾತೆಲ್ಲ ಅವಳಿಗೆ ಬಿಟ್ಟುಬಿಟ್ಟೆ" ಎನ್ನುತ್ತಿದ್ದರು. ನನ್ನ ಗಂಡ ಅದೇ ಬಸ್ ಡಿಪೋದಲ್ಲಿ ಮೆಕ್ಯಾನಿಕ್, ನಾನು ಅಂಚೆ ಕಚೇರಿಯ ಕೌಂಟರಿನಲ್ಲಿ. ಒಂದೇ ಮನೆ, ಒಂದೇ ಒಲೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂಬ ಗಾದೆ ನಮ್ಮ ಮನೆಗೆ ಹೊಂದುತ್ತಿರಲಿಲ್ಲ. ಅಲ್ಲಿ ಎಲ್ಲ ಕಾಲವೂ ಅತ್ತೆಯದೇ.

ಕಾಯಿಲೆಯನ್ನು ಮೊದಲು ಕಂಡವರು ಮಾವ. ನಿವೃತ್ತಿಯಾದ ಮೇಲೆ ಹೆಂಡತಿಗೊಂದು ಹೊಸ ಕೋಟು ಹೊಲಿಯೋಣವೆಂದು ಅಳತೆಗೆ ನಿಲ್ಲಿಸಿದ್ದರು. ಟೇಪನ್ನು ಹೆಗಲಿಂದ ಹೆಗಲಿಗೆ ಹಿಡಿದವರು ಹಾಗೇ ನಿಂತರು.

"ಇವಳೇ, ಒಂದು ಸಲ ಬಾಗಿಲವರೆಗೆ ಹೋಗಿ ಬಾ."

ಅತ್ತೆ ಹೋಗಿ ಬಂದರು.

"ನಿನ್ನ ಬಲಗೈ ಯಾಕೆ ಆಡ್ತಿಲ್ಲ? ಎಡಗೈ ಒಂದೇ ನಡೀತಿದೆ, ಬಲಗೈ ಕೂತಲ್ಲೇ ಕೂತಿದೆ."

"ಇಷ್ಟು ವರ್ಷ ಟಿಕೆಟ್ ಹರಿದು ಸಾಕಾಗಿ ಅದೂ ರಿಟೈರ್ ಆಯ್ತು ಬಿಡ್ರೀ" ಎಂದರು ಅತ್ತೆ.

ಆಮೇಲೆ ಒಂದೊಂದಾಗಿ ಶುರುವಾಯಿತು. ಬರೆಯುವ ಅಕ್ಷರ ಇರುವೆಯಷ್ಟಾಯಿತು. ಮುಖದಲ್ಲಿ ನಗು ಮೂಡಲು ಹೊತ್ತು ಹಿಡಿಯತೊಡಗಿ, ಈಕೆಗೆ ಪೆನ್ಷನ್ ಬಂದ ಮೇಲೆ ಜಂಭ ಬಂದಿದೆ ಎಂದು ಬೀದಿಯವರು ಆಡಿಕೊಂಡರು. ಕೂತಾಗ ಬಲಗೈ ಹೆಬ್ಬೆರಳೂ ತೋರುಬೆರಳೂ ಕಾಣದ ನಾಣ್ಯವೊಂದನ್ನು ಉರುಳಿಸುವ ಹಾಗೆ ಆಡುತ್ತಿದ್ದವು. ಕೊನೆಗೆ ದನಿ. ಒಂದು ದಿನ ಅವರು ಅಡುಗೆಮನೆಯಿಂದ ಕೇಳಿದ್ದು ಊಟದ ಕೋಣೆಯಲ್ಲಿದ್ದ ನನಗೇ ಕೇಳಲಿಲ್ಲ. ಆ ದಿನ ನನಗೆ ಹೆದರಿಕೆಯಾಯಿತು.

ನರರೋಗದ ಡಾಕ್ಟರು ನಡೆಸಿ, ಕೂರಿಸಿ, ಬೆರಳು ತಟ್ಟಿಸಿ ನೋಡಿ, ಇದು ಪಾರ್ಕಿನ್ಸನ್ ಕಾಯಿಲೆ ಎಂದರು. ವಾಸಿಯಾಗುವುದಿಲ್ಲ, ಆದರೆ ಮಾತ್ರೆ ತೆಗೆದುಕೊಂಡರೆ ಅದರ ಬಲ ಇರುವಷ್ಟು ಹೊತ್ತು ಕೈಕಾಲು ಹೇಳಿದ ಮಾತು ಕೇಳುತ್ತವೆ, ಬಲ ಇಳಿದಾಗ ಮತ್ತೆ ಬಿಗಿಯುತ್ತವೆ ಎಂದು ವಿವರಿಸಿದರು.

"ಅಂದ್ರೆ ಡೀಸೆಲ್ ಇರೋವರೆಗೆ ಬಸ್ಸು ಓಡುತ್ತೆ, ಖಾಲಿಯಾದ್ರೆ ರಸ್ತೆ ಮಧ್ಯೆ ನಿಲ್ಲುತ್ತೆ" ಎಂದರು ಅತ್ತೆ.

"ಹೂಂ, ಹೆಚ್ಚುಕಮ್ಮಿ ಹಾಗೇ."

"ಹಾಗಾದ್ರೆ ಖಾಲಿಯಾಗೋಕೆ ಮುಂಚೆ ಹಾಕ್ಕೋಬೇಕು. ಅಷ್ಟೇ ತಾನೇ?"

ಅಷ್ಟೇ ಆಗಿರಲಿಲ್ಲ. ಆದರೆ ಅವರು ಅದನ್ನು ಅಷ್ಟೇ ಎಂದು ಹಿಡಿದದ್ದರಿಂದ ನಮಗೂ ಹಿಡಿಯಲು ಒಂದು ಹಿಡಿಕೆ ಸಿಕ್ಕಿತು.

ಸುದ್ದಿ ತಿಳಿದ ಮೊದಲ ವಾರವೇ ಮಾವನ ಅಕ್ಕ ಬಂದರು. ನನ್ನ ಗಂಡನಿಗೆ ಸೋದರತ್ತೆ, ಆದರೆ ನಾವೆಲ್ಲ ಕರೆಯುವುದು ದೊಡ್ಡಮ್ಮ ಎಂದೇ. ಬಂದವರು ಅತ್ತೆಯ ನಡುಗುವ ಕೈಯನ್ನು ತಮ್ಮ ಎರಡು ಕೈಯಲ್ಲಿ ಹಿಡಿದು, ಕೂತಷ್ಟು ಹೊತ್ತೂ "ಪಾಪ, ಪಾಪ" ಎನ್ನುತ್ತಲೇ ಇದ್ದರು. ಅತ್ತೆ ತಾಳುವಷ್ಟು ತಾಳಿದರು. ಆಮೇಲೆ ಕೈ ಬಿಡಿಸಿಕೊಂಡು, "ಅತ್ತಿಗೆ, ನಾನು ಮಾಡಿದ ಪಾಪ ಯಾವುದು ಅಂತ ಒಂದಾದ್ರೂ ಹೇಳಿ. ಸುಮ್ನೆ ಲೆಕ್ಕಕ್ಕೆ ಹಾಕ್ತಾ ಹೋಗಬೇಡಿ" ಎಂದರು. ದೊಡ್ಡಮ್ಮ ಆ ದಿನ ಕಾಫಿ ಕುಡಿಯದೆ ಎದ್ದುಹೋದರು.

ಆರೈಕೆ ಎಂದರೆ ಏನೆಂದು ನಮಗೆ ಹೇಳಿಕೊಟ್ಟವರು ನರರೋಗ ವಿಭಾಗದ ಸಿಸ್ಟರ್, ಯಾವಾಗಲೂ ಅವಸರದಲ್ಲಿರುವ ಒಬ್ಬ ಸಣ್ಣ ಹೆಂಗಸು. ಪ್ರೀತಿಯಿಂದ ನಾವು ಮಾಡುತ್ತಿದ್ದುದೆಲ್ಲ ಎಡವಟ್ಟೇ ಎಂದು ಅಲ್ಲಿ ಗೊತ್ತಾಯಿತು. ಹೆಜ್ಜೆ ಕೀಳಲಾಗದೆ ಕಾಲು ನೆಲಕ್ಕೆ ಅಂಟಿ ನಿಂತವರನ್ನು ಕೈ ಹಿಡಿದು ಎಳೆದರೆ ಮೈ ಮುಂದೆ ಬರುತ್ತದೆ, ಕಾಲು ಅಲ್ಲೇ ಉಳಿಯುತ್ತದೆ, ಮನುಷ್ಯ ಬೀಳುತ್ತಾನೆ. ಎಳೆಯಬಾರದು, ಕಾಯಬೇಕು. ಕುರ್ಚಿಯಿಂದ ಏಳಿಸುವಾಗ ಕಂಕುಳಿಗೆ ಕೈ ಹಾಕಬಾರದು. ಪಾದ ಹಿಂದಕ್ಕೆ ಸರಿಸಿ, ಮೂಗು ಮೊಣಕಾಲು ದಾಟಿ ಮುಂದೆ ಬರುವಷ್ಟು ಬಾಗಿದರೆ ಮೈ ತಾನೇ ಏಳುತ್ತದೆ. ನುಂಗುವಾಗ ಗದ್ದ ಕೆಳಗಿರಬೇಕು, ತಿನ್ನುವಾಗ ಮಾತಾಡಿಸಬಾರದು. ಮಾತ್ರೆ ಊಟದ ಜೊತೆಗಲ್ಲ, ಊಟಕ್ಕೆ ಮುಂಚೆ. ಎಲ್ಲಕ್ಕಿಂತ ಮುಖ್ಯವಾಗಿ, ಮಾತ್ರೆಯ ಹೊತ್ತು ತಪ್ಪಬಾರದು.

"ಮತ್ತೆ ಅವರು ಮಾಡಬಹುದಾದ್ದನ್ನ ನೀವು ಮಾಡಬೇಡಿ" ಎಂದರು ಸಿಸ್ಟರ್ ಕೊನೆಗೆ. "ತಡ ಆಗುತ್ತೆ. ಆಗಲಿ."

ಮಾವ ಎಲ್ಲವನ್ನೂ ಕೇಳಿಸಿಕೊಂಡು ಬಂದರು. ಮನೆಗೆ ಬಂದವರೇ ಹೊಲಿಗೆ ಯಂತ್ರದ ಮುಂದೆ ಕೂತರು. ಅತ್ತೆಯ ಅಂಗಿಗಳ ಗುಂಡಿಯನ್ನೆಲ್ಲ ಬಿಚ್ಚಿ, ಒತ್ತಿದರೆ ಅಂಟಿ ಎಳೆದರೆ ಪರ್ರನೆ ಬಿಡುವ ಪಟ್ಟಿ ಹೊಲಿದರು. ಮೇಲೆ ತೋರಿಕೆಗೆ ಅದೇ ಗುಂಡಿಗಳನ್ನು ಮತ್ತೆ ಹಚ್ಚಿದರು, ನೋಡಿದವರಿಗೆ ವ್ಯತ್ಯಾಸ ತಿಳಿಯಬಾರದೆಂದು. ಹಾಸಿಗೆಯಲ್ಲಿ ಮಗ್ಗುಲು ಬದಲಿಸಲಾಗದೆ ಅತ್ತೆ ಒದ್ದಾಡುತ್ತಿದ್ದರು. ಕೋಟಿನ ಒಳಗೆ ಹಾಕುವ ನುಣುಪಾದ ಲೈನಿಂಗ್ ಬಟ್ಟೆಯನ್ನು ಮೇಲುಹಾಸಿನ ನಡುವೆ ಅಗಲವಾಗಿ ಕೂಡಿಸಿದರು. ಸೊಂಟ ಅದರ ಮೇಲೆ ಸರಕ್ಕನೆ ಜಾರಿತು. "ಏನ್ರೀ ಇದು, ಮದುವೆಯಾದಾಗಲೂ ಇಂಥಾ ಹಾಸಿಗೆ ಹಾಕಿರಲಿಲ್ಲ" ಎಂದು ಅತ್ತೆ ಸೊಸೆಯ ಎದುರಿಗೇ ಹೇಳಿದ್ದಕ್ಕೆ ಮಾವ ಕಿವಿಯವರೆಗೂ ಕೆಂಪಾಗಿ ಅಂಗಡಿಗೆ ಹೋಗಿಬಿಟ್ಟರು.

ಅತ್ತೆಯ ಕಾಲು ಹೆಚ್ಚಾಗಿ ಅಂಟಿಕೊಳ್ಳುತ್ತಿದ್ದದ್ದು ಬಾಗಿಲುಗಳಲ್ಲಿ. ಅಗಲ ಜಾಗದಲ್ಲಿ ಸರಾಗವಾಗಿ ನಡೆದವರು ಹೊಸ್ತಿಲು ಬಂದ ಕೂಡಲೇ ನೆಲಕ್ಕೆ ಮೊಳೆ ಹೊಡೆದಂತೆ ನಿಂತುಬಿಡುತ್ತಿದ್ದರು. ಮಾವ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ಪ್ರತಿ ಬಾಗಿಲಿಗೂ ಅಡ್ಡಗೆರೆಗಳನ್ನೆಳೆದರು. ಗೆರೆ ಕಂಡರೆ ಅದನ್ನು ದಾಟಲು ಕಾಲು ಏಳುತ್ತದೆ ಎಂದು ಸಿಸ್ಟರ್ ಹೇಳಿದ್ದರು, ಏಳುತ್ತಿತ್ತು ಕೂಡ. ಒಂದು ದಿನ ಗೆರೆ ಅಳಿಸಿಹೋಗಿ ಅತ್ತೆ ಬಚ್ಚಲ ಬಾಗಿಲಲ್ಲಿ ಸಿಕ್ಕಿಕೊಂಡಾಗ, ಹಿಂದೆ ನಿಂತಿದ್ದ ನನ್ನ ಗಂಡ ತಮಾಷೆಗೆ ಬಾಗಿಲ ಚೌಕಟ್ಟಿಗೆ ಎರಡು ಸಲ ತಟ್ಟಿ "ರೈಟ್, ರೈಟ್" ಎಂದ. ಅತ್ತೆಯ ಕಾಲು ಥಟ್ಟನೆ ಎದ್ದಿತು. ಜೀವನವಿಡೀ ಅವರು ಇನ್ನೊಬ್ಬರಿಗೆ ಹೇಳಿದ ಮಾತು, ಈಗ ಅವರ ಕಾಲೇ ಕೇಳಿತು. ಅಂದಿನಿಂದ ನಮ್ಮ ಮನೆಯಲ್ಲಿ ಇಡೀ ದಿನ ಬಸ್ಸು ಹೊರಡುತ್ತಲೇ ಇತ್ತು.

ಹೊರಗೆ ಹೋಗುವುದನ್ನು ಅವರು ಬಿಡಲಿಲ್ಲ. ಒಮ್ಮೆ ನನ್ನ ಜೊತೆ ಸಿಟಿ ಬಸ್ಸು ಹತ್ತುವಾಗ ಮೆಟ್ಟಿಲ ಬಳಿ ನಿಂತುಬಿಟ್ಟರು. ಕಂಡಕ್ಟರ್, ಇನ್ನೂ ಮೀಸೆ ಸರಿಯಾಗಿ ಬರದವನು, "ಅಜ್ಜೀ, ಬೇಗ ಹತ್ತಿ, ಬಸ್ಸು ನಿಮಗೋಸ್ಕರ ನಿಂತಿದೆ" ಎಂದ. ಅತ್ತೆ ತಲೆಯೆತ್ತಿ ನೋಡಿದರು. "ಬಸ್ಸು ನಿಲ್ಲೋದೇ ಹತ್ತೋರಿಗೋಸ್ಕರ ಕಣಪ್ಪ. ಅದನ್ನ ನಿನಗೆ ಟ್ರೈನಿಂಗಲ್ಲಿ ಹೇಳ್ಲಿಲ್ವಾ?" ದನಿ ಅವನಿಗೆ ಕೇಳಿಸಲಿಲ್ಲ. ಅದನ್ನೇ ನಾನು ಗಟ್ಟಿಯಾಗಿ ಹೇಳಿದೆ. ಬಸ್ಸಿನಲ್ಲಿದ್ದವರು ನಕ್ಕರು. ಅವನು ಇಳಿದು ಬಂದು ಪಕ್ಕದಲ್ಲಿ ನಿಂತ. ಎಳೆಯದೆ ನಿಂತ, ಅದೇ ದೊಡ್ಡದು.

ಹೀಗೆ ಕೆಲವು ವರ್ಷ ಸಾಗಿತು. ಆಮೇಲೆ ಒಂದು ಚಳಿಗಾಲದಲ್ಲಿ ನೀರು ಕುಡಿಯುವಾಗ ಗಂಟಲು ತಪ್ಪಿ ಶ್ವಾಸನಾಳಕ್ಕೆ ಹೋಯಿತು. ಎರಡು ದಿನದಲ್ಲಿ ಜ್ವರ, ಎದೆಯಲ್ಲಿ ಕಫ, ಉಸಿರಾಟಕ್ಕೆ ಕಷ್ಟ. ನರರೋಗದ ಆಸ್ಪತ್ರೆ ದೂರ. ಹತ್ತಿರದ ದೊಡ್ಡ ಆಸ್ಪತ್ರೆಯ ಹೆಂಗಸರ ವಾರ್ಡಿಗೆ ಸೇರಿಸಿದೆವು.

ಉದ್ದನೆಯ ವಾರ್ಡು. ಎರಡೂ ಗೋಡೆಗೆ ಸಾಲು ಮಂಚಗಳು, ಕೊನೆಯಲ್ಲೊಂದು ಕಿಟಕಿ, ಈ ತುದಿಯಲ್ಲಿ ಬಾಗಿಲು, ಬಾಗಿಲ ಹೊರಗೆ ಬಚ್ಚಲು. ಉಸ್ತುವಾರಿ ಹೆಡ್ ಸಿಸ್ಟರಿನದು. ಗಟ್ಟಿಮುಟ್ಟಾದ, ಕೆಲಸ ಬಲ್ಲ ಹೆಂಗಸು. ಎದೆಯ ಸೋಂಕನ್ನು ಅವರು ನೋಡಿಕೊಂಡ ರೀತಿಗೆ ಕೈಮುಗಿಯಬೇಕು. ಆದರೆ ಸೇರಿಸಿದ ಹೊತ್ತಿನಲ್ಲೇ ಅತ್ತೆಯ ಮಾತ್ರೆಗಳನ್ನೆಲ್ಲ ನಮ್ಮಿಂದ ತೆಗೆದುಕೊಂಡು ವಾರ್ಡಿನ ಕಪಾಟಿಗೆ ಹಾಕಿ ಬೀಗ ಜಡಿದರು.

"ಇಲ್ಲಿ ಎಲ್ಲ ಮಾತ್ರೆನೂ ಗಾಡಿಯಲ್ಲೇ ಬರುತ್ತೆ. ಬೆಳಗ್ಗೆ, ಮಧ್ಯಾಹ್ನ, ಸಂಜೆ. ಗಾಡಿ ಬಂದಾಗ ಕೊಡ್ತೀವಿ."

"ಇವಳಿಗೆ ಆ ಹೊತ್ತಲ್ಲ ಸಿಸ್ಟರ್" ಎಂದರು ಮಾವ. "ಅದಕ್ಕೂ ಮುಂಚೆ ಬೇಕು. ನಡುವೆನೂ ಬೇಕು."

"ವಾರ್ಡ್ ತುಂಬಾ ಪೇಷೆಂಟ್ ಇದಾರೆ ಯಜಮಾನ್ರೇ. ಒಬ್ಬೊಬ್ಬರಿಗೂ ಒಂದೊಂದು ಗಡಿಯಾರ ಕಟ್ಟೋಕಾಗುತ್ತಾ?"

ಮರುದಿನ ಬೆಳಗ್ಗೆ ನಾವು ಹೋಗುವ ಹೊತ್ತಿಗೆ ಅತ್ತೆ ಮರದ ತುಂಡಿನ ಹಾಗೆ ಮಲಗಿದ್ದರು. ಕಣ್ಣು ಮಾತ್ರ ಆಡುತ್ತಿತ್ತು. ಗಂಜಿಯ ಚಮಚ ತುಟಿಗೆ ತಾಗಿ ಗದ್ದದ ಮೇಲೆ ಹರಿದಿತ್ತು. ಆಯಾ ಬೇಸರದಿಂದ, "ಬಾಯೇ ಬಿಡ್ತಿಲ್ಲ, ಹಟ" ಎಂದಳು. ಮಾತ್ರೆಯ ಗಾಡಿ ಇನ್ನೂ ಮೂರನೇ ಮಂಚದ ಬಳಿ ಇತ್ತು. ಅದು ನಮ್ಮ ಮಂಚಕ್ಕೆ ಬಂದು, ಮಾತ್ರೆ ಹೊಟ್ಟೆಗೆ ಹೋಗಿ, ಕೆಲಸ ಶುರುಮಾಡುವ ಹೊತ್ತಿಗೆ ಅರ್ಧ ದಿನವೇ ಕಳೆದಂತಾಯಿತು. ಮಾತು ಬಂದಾಗ ಅತ್ತೆ ಹೇಳಿದ ಮೊದಲ ಮಾತು: "ನನ್ನ ಮೈಯೊಳಗೇ ನನ್ನ ಕೂಡಿಹಾಕಿ ಬೀಗ ಹಾಕಿದ್ರು."

ಮಾವ ಮನೆಗೆ ಹೋದರು. ಸಂಜೆ ಬರುವಾಗ ಅವರ ಕೋಟಿನ ಅಂಚಿನೊಳಗೆ ಒಂದು ಕಳ್ಳಜೇಬು ಇತ್ತು. ಮನೆಯಲ್ಲಿ ಉಳಿದಿದ್ದ ಮಾತ್ರೆಗಳು ಅದರಲ್ಲಿ. ಹೆಂಡತಿಯ ಹೊದಿಕೆ ಸರಿಮಾಡುವ ನೆಪದಲ್ಲಿ ಬಾಗಿ ಕೊಟ್ಟರು. ಜೀವಮಾನದಲ್ಲಿ ಒಂದು ಮೊಳ ಬಟ್ಟೆ ಕದಿಯದ ಮನುಷ್ಯ. ಆದರೆ ಸ್ವಲ್ಪ ಹೊತ್ತಿಗೆ ಗಾಡಿಯೂ ಬಂತು. ಅತ್ತೆ ಬೇಡವೆಂದು ಸನ್ನೆ ಮಾಡಿದರೂ ಸಿಸ್ಟರ್ ಅದನ್ನು ಹಟವೆಂದುಕೊಂಡು ನುಂಗಿಸಿದರು. ಎರಡು ಪಾಲು ಒಟ್ಟಿಗೆ ಸೇರಿ ಅತ್ತೆಯ ಕೈಕಾಲು ಹಾವಿನಂತೆ ಹೊರಳತೊಡಗಿದವು. ಎದ್ದು ಕೂತಾಗ ರಕ್ತದೊತ್ತಡ ಇಳಿದು ಕಣ್ಣು ಕತ್ತಲೆ ಬಂತು. ಮಾವ ತಾವೇ ಮುಂದೆ ಬಂದು ಕೋಟಿನ ಅಂಚು ಬಿಚ್ಚಿ ತೋರಿಸಿದರು.

ಹೆಡ್ ಸಿಸ್ಟರ್ ಕೂಗಾಡಲಿಲ್ಲ. "ನೀವೂ ಕೊಟ್ಟು ನಾವೂ ಕೊಟ್ಟರೆ ಏನಾಗುತ್ತೆ ನೋಡಿದ್ರಲ್ಲ" ಎಂದರು. "ಇದಕ್ಕೇ ಬೀಗ ಹಾಕೋದು. ನಿಮಗೆ ಒಬ್ಬರು ಪೇಷೆಂಟು, ನನಗೆ ಎಲ್ಲರೂ."

ಅವರ ಮಾತು ತಪ್ಪಾಗಿರಲಿಲ್ಲ. ಮಾವ ತಲೆ ತಗ್ಗಿಸಿದರು. ಸುಧಾರಿಸಿಕೊಂಡ ಮೇಲೆ ಅತ್ತೆ ಗಂಡನನ್ನು ಹತ್ತಿರ ಕರೆದರು.

"ಇನ್ಮೇಲೆ ಕದ್ದು ತರಬೇಡ್ರೀ. ಟಿಕೆಟ್ ಇಲ್ಲದ ಪ್ರಯಾಣ ನನಗೆ ಆಗಿಬರಲ್ಲ."

"ಮತ್ತೆ ಏನು ಮಾಡೋದು?"

"ಎದುರಿಗೇ ಕೇಳೋದು."

ಕೇಳಿದರು. ಬೆಳಗ್ಗೆ ಕೇಳಿದರು, ಮಧ್ಯಾಹ್ನ ಕೇಳಿದರು, ಡಾಕ್ಟರು ಬಂದಾಗ ಅವರ ಕೋಟಿನ ತುದಿ ಹಿಡಿದು ಕೇಳಿದರು. ದನಿ ಇಲ್ಲದಾಗ ಬೆರಳಿನಿಂದ ಮಂಚದ ಕಂಬಿ ತಟ್ಟಿದರು. ಆಯಾ ಹಾದುಹೋದರೂ ಟಣ್ ಟಣ್, ಹೆಡ್ ಸಿಸ್ಟರ್ ಹಾದುಹೋದರೂ ಟಣ್ ಟಣ್. ಪಕ್ಕದ ಮಂಚದವರು ಇವರಿಗೆ ಗಂಟೆಯಮ್ಮ ಎಂದು ಹೆಸರಿಟ್ಟರು. ಕೊನೆಗೆ ವಾರ್ಡಿನ ಡಾಕ್ಟರು, ಬೇಸತ್ತೋ ಮನಸ್ಸು ಕರಗಿಯೋ, ಈಯಮ್ಮನಿಗೆ ಅವರ ಹೊತ್ತಿಗೇ ಕೊಡಿ ಎಂದು ಬರೆದು ಹೋದರು. ಹೆಡ್ ಸಿಸ್ಟರ್ ಒಪ್ಪಿದರು. ಮರುದಿನವೇ ಅತ್ತೆ ಎದ್ದು ಕೂತು ತಮ್ಮ ಕೈಯಿಂದಲೇ ಗಂಜಿ ತಿಂದರು. ನಾಲ್ಕು ಹೆಜ್ಜೆ ನಡೆದರು.

ಇಲ್ಲಿಗೆ ಮುಗಿಯಿತೆಂದು ನಾವಂದುಕೊಂಡೆವು.

ಕಿಟಕಿಯ ಪಕ್ಕದ ಮಂಚದಲ್ಲಿ ಇನ್ನೊಬ್ಬ ಹೆಂಗಸು ಮಲಗಿದ್ದರು. ಅತ್ತೆಗಿಂತ ಸ್ವಲ್ಪ ಹಿರಿಯರು. ನಾವು ಬರುವ ಮೊದಲಿನಿಂದಲೂ ಇದ್ದರಂತೆ. ಮಾತಿಲ್ಲ, ಕತೆಯಿಲ್ಲ, ಯಾವಾಗಲೂ ಒಂದೇ ಮಗ್ಗುಲು. ಯಾವಾಗಲೋ ಒಮ್ಮೆ ಅಣ್ಣನ ಮಗ ಬಂದು ಮುಖ ತೋರಿಸಿ ಹೋಗುತ್ತಿದ್ದ. ಬುದ್ಧಿ ಹೋಗಿದೆ ಎಂದು ಆಯಾ ಪಿಸುಗುಟ್ಟಿದ್ದಳು. ಅತ್ತೆ ಎದ್ದು ಕೂರಲಾದ ದಿನದಿಂದ ಆಕೆಯನ್ನೇ ನೋಡುತ್ತಿದ್ದರು.

"ಅವಳ ಕೈ ನೋಡು" ಎಂದರು ನನಗೆ.

ಹೊದಿಕೆಯ ಅಂಚಿನಿಂದ ಹೊರಬಂದ ಕೈಯಲ್ಲಿ ಹೆಬ್ಬೆರಳು ತೋರುಬೆರಳಿನ ಮೇಲೆ ಮೆಲ್ಲಗೆ ಉರುಳುತ್ತಿತ್ತು.

"ಅವಳದೂ ನನ್ನದೇ ರೂಟು. ಬುದ್ಧಿ ಎಲ್ಲೂ ಹೋಗಿಲ್ಲ, ಒಳಗೇ ಕೂತಿದೆ. ನನ್ನ ಹಾಗೇ ಬೀಗ ಹಾಕಿದಾರೆ."

ಸಂಜೆ ಹೆಡ್ ಸಿಸ್ಟರ್ ಬಂದಾಗ ಅತ್ತೆ ಕೇಳಿದರು, "ಕಿಟಕಿಯವಳಿಗೂ ಇದೇ ಮಾತ್ರೆ ತಾನೇ?"

"ಹೌದು. ಕೊಡ್ತಿದೀವಲ್ಲ, ಗಾಡಿಯಲ್ಲಿ."

"ಅವಳಿಗೂ ಹೊತ್ತಿಗೆ ಸರಿಯಾಗಿ ಕೊಡಿ."

"ಅವರದು ಅವರ ಡಾಕ್ಟರು ಹೇಳಬೇಕು ಅಮ್ಮ. ಅವರ ಮನೆಯವರು ಯಾರೂ ಕೇಳಿಲ್ಲ. ನಿಮಗೆ ಸಿಕ್ತಲ್ಲ, ನೀವು ಆರಾಮ ಮಾಡಿ."

ಅತ್ತೆಯ ಮುಖದಲ್ಲಿ ಸಿಟ್ಟು ಕಾಣುವುದು ನಿಂತು ಎಷ್ಟೋ ಕಾಲವಾಗಿತ್ತು. ಆದರೆ ಕಂಬಿಯ ಮೇಲಿದ್ದ ಬೆರಳು ತಟ್ಟುವುದನ್ನು ನಿಲ್ಲಿಸಿತು. ಬಸ್ಸಿನಲ್ಲಿ ಜಗಳಕ್ಕೆ ಮುಂಚೆ ಅವರು ಹೀಗೇ ಒಂದು ಕ್ಷಣ ಸುಮ್ಮನಾಗುತ್ತಿದ್ದರೆಂದು ನನ್ನ ಗಂಡ ಹೇಳುತ್ತಾನೆ.

ಮರುದಿನ ಬೆಳಗ್ಗೆ ನಾನು ಅತ್ತೆಯನ್ನು ಬಚ್ಚಲಿಗೆ ಕರೆದುಕೊಂಡು ಹೋಗಿ ಮರಳುತ್ತಿದ್ದೆ. ವಾರ್ಡಿನ ಬಾಗಿಲಿಗೆ ಬಂದರು, ಕಾಲು ಅಂಟಿಕೊಂಡಿತು. ಅದೇ ಹೊತ್ತಿಗೆ ಹಿಂದಿನಿಂದ ಮಾತ್ರೆಯ ಗಾಡಿ ಬಂತು. ಒಂದೇ ಬಾಗಿಲು. ಗಾಡಿ ನಿಂತಿತು. ಅದರ ಹಿಂದೆ ಗಂಜಿಯ ಗಾಡಿ ನಿಂತಿತು. ಅದರ ಹಿಂದೆ ನೆಲ ಒರೆಸುವವಳು ಬಕೆಟ್ ಹಿಡಿದು ನಿಂತಳು.

"ಅಮ್ಮ, ಸ್ವಲ್ಪ ಪಕ್ಕಕ್ಕೆ ಬನ್ನಿ" ಎಂದರು ಹೆಡ್ ಸಿಸ್ಟರ್.

"ಕಾಲು ಹಿಡ್ಕೊಂಡಿದೆ ಸಿಸ್ಟರ್" ಎಂದೆ. ಒಬ್ಬ ಸಿಸ್ಟರ್ ಅತ್ತೆಯ ತೋಳಿಗೆ ಕೈ ಹಾಕಲು ಬಂದಳು. "ಎಳೀಬೇಡಿ, ಬೀಳ್ತಾರೆ." ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು.

ಒಳಗಿದ್ದ ಮಾವ ಓಡಿಬಂದರು. ಜೇಬಿನಿಂದ ಸೀಮೆಸುಣ್ಣ ತೆಗೆದು, ಬಗ್ಗಿ, ಹೊಳೆಯುವ ನೆಲದ ಮೇಲೆ ಅತ್ತೆಯ ಪಾದದ ಮುಂದೆ ಒಂದು ಗೆರೆ ಎಳೆದರು. ಅತ್ತೆ ಗೆರೆಯನ್ನು ನೋಡಿದರು. ಕಾಲು ಏಳಲಿಲ್ಲ. ಮಾವ ಬಾಗಿಲು ತಟ್ಟಿ ಮೆಲ್ಲಗೆ "ರೈಟ್, ರೈಟ್" ಎಂದರು. ಏಳಲಿಲ್ಲ. ಮಾವ ಗಾಬರಿಯಿಂದ ನನ್ನ ಮುಖ ನೋಡಿದರು.

ಆಗ ನಾನು ಕೆಳಗೆ ನೋಡಿದೆ. ಅತ್ತೆಯ ಬಲಗಾಲಿನ ಹಿಮ್ಮಡಿ ನೆಲದ ಮೇಲೆ ಊರಿತ್ತು, ಮುಂಗಾಲು ಆರಾಮವಾಗಿ ಮೇಲೆ ಕೆಳಗೆ ಆಡುತ್ತಿತ್ತು. ಅಂಟಿಕೊಂಡ ಕಾಲು ಹಾಗೆ ಆಡುವುದಿಲ್ಲ. ನಾನು ತುಟಿ ಕಚ್ಚಿಕೊಂಡೆ.

ಅತ್ತೆ ಏನೋ ಹೇಳಿದರು. ಕೇಳಿಸಲಿಲ್ಲ. ಹೆಡ್ ಸಿಸ್ಟರ್ ಹತ್ತಿರ ಬಂದು ಬಗ್ಗಿದರು. ಗಂಜಿಯ ಗಾಡಿಯವಳು "ಶ್" ಎಂದಳು. ಇಡೀ ವಾರ್ಡು ಸದ್ದಡಗಿ ಕಿವಿಗೊಟ್ಟಿತು. ದನಿ ಇದ್ದ ಕಾಲದಲ್ಲಿ ಅವರ ಮಾತನ್ನು ಯಾರೂ ಇಷ್ಟು ಶ್ರದ್ಧೆಯಿಂದ ಕೇಳಿರಲಿಲ್ಲ.

"ಮೊದಲು ಕಿಟಕಿಯವಳಿಗೆ" ಎಂದರು ಅತ್ತೆ.

ಹೆಡ್ ಸಿಸ್ಟರ್ ನೆಟ್ಟಗಾದರು. ಅತ್ತೆಯ ಮುಖ ನೋಡಿದರು, ಪಾದ ನೋಡಿದರು. ಅವರೂ ಹಳಬರು, ಅವರ ಕಣ್ಣಿಗೂ ಬಿತ್ತು.

"ಅಮ್ಮ, ನಿಜ ಹೇಳಿ. ಕಾಲು ಹಿಡ್ಕೊಂಡಿದೆಯಾ, ಇಲ್ಲ ಬೇಕಂತಲೇ ನಿಂತಿದೀರಾ?"

"ಕಾಲು ಆಗಲೇ ಬಿಡ್ತು" ಎಂದರು ಅತ್ತೆ. "ಈಗ ನಿಂತಿರೋದು ನಾನು."

"ಇಷ್ಟೂ ಜನರ ಮಾತ್ರೆ ಈ ಗಾಡಿಯಲ್ಲಿದೆ. ಎಲ್ಲರಿಗೂ ತಡ ಆಗ್ತಿದೆ."

"ಗೊತ್ತು. ಈ ತಡ ಅವಳಿಗೆ ದಿನಾ ಆಗ್ತಿದೆ."

ಮಾವ ಹೆಂಡತಿಯ ಪಕ್ಕಕ್ಕೆ ಹೋಗಿ ನಿಂತರು. ಬಾಗಿಲಲ್ಲಿ ಉಳಿದಿದ್ದ ಸಂದಿಯೂ ಮುಚ್ಚಿತು. ಅಷ್ಟು ವರ್ಷಗಳಲ್ಲಿ ಮಾವ ಯಾವ ಜಗಳದಲ್ಲೂ ನಿಂತದ್ದನ್ನು ನಾನು ಕಂಡಿರಲಿಲ್ಲ. ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ ಹೆಡ್ ಸಿಸ್ಟರ್ ಕೈ ಕೆಳಗಿಳಿಸಿದರು. ಗಾಡಿಯ ಖಾನೆ ಎಳೆದು ಕಿಟಕಿಯಾಕೆಯ ಮಾತ್ರೆ ತೆಗೆದರು.

"ದಾರಿ ಬಿಟ್ರೆ ತಾನೇ ನಾನು ಕಿಟಕಿಯವರೆಗೆ ಹೋಗೋದು?"

ಅತ್ತೆ ಗೆರೆ ದಾಟಿ ಪಕ್ಕಕ್ಕೆ ಸರಿದರು. ರೈಟ್ ಎಂದು ಯಾರೂ ಹೇಳಬೇಕಾಗಲಿಲ್ಲ.

ಹೆಡ್ ಸಿಸ್ಟರ್ ಒಂದು ದಿನದ ಮಾತಿಗೆ ನಿಲ್ಲಿಸುವ ಜಾತಿಯವರಲ್ಲ. ಮಧ್ಯಾಹ್ನವೇ ನರರೋಗದ ಆಸ್ಪತ್ರೆಗೆ ಫೋನು ಮಾಡಿ ಆ ಸಣ್ಣ ಸಿಸ್ಟರ್ ಜೊತೆ ಬಹಳ ಹೊತ್ತು ಮಾತಾಡಿದರು. ಕಿಟಕಿಯಾಕೆಯ ಡಾಕ್ಟರನ್ನು ಹಿಡಿದು ಮಾತ್ರೆಯ ಹೊತ್ತು ಬದಲಿಸಿ ಬರೆಸಿಕೊಂಡರು. ಮೂರು ಪಾಳಿಯ ಸಿಸ್ಟರುಗಳನ್ನೂ ಕೂಡಿಸಿ, ಈ ಕಾಯಿಲೆಯವರ ಮಾತ್ರೆ ಇನ್ನು ಮುಂದೆ ಗಾಡಿಗೆ ಕಾಯಬಾರದು ಎಂದು ಹೇಳಿದರು. ಆಯಾಳಿಗೆ, "ಬಾಯಿ ಬಿಡದಿದ್ರೆ ಹಟ ಅನ್ನಬೇಡ, ಮಾತ್ರೆ ಕೊಟ್ಟು ಎಷ್ಟೊತ್ತಾಯ್ತು ಅಂತ ಕೇಳು" ಎಂದರು. ಅತ್ತೆಯ ಹತ್ತಿರ ಮಾತ್ರ ಎರಡು ದಿನ ಮುಖ ಬಿಗಿದುಕೊಂಡೇ ಇದ್ದರು. ಅತ್ತೆಯ ಮುಖ ಹೇಗೂ ಬಿಗಿದೇ ಇರುತ್ತಿತ್ತು. ಸರಿಸಮ.

ಕಿಟಕಿಯಾಕೆ ಒಂದೇ ದಿನದಲ್ಲಿ ಎದ್ದು ಕುಣಿಯಲಿಲ್ಲ. ಮೊದಲು ಮಗ್ಗುಲು ಬದಲಿಸಿದರು. ಆಮೇಲೆ ತಲೆದಿಂಬಿಗೆ ಒರಗಿ ಕೂತರು. ಒಂದು ಮಧ್ಯಾಹ್ನ ಸಿಸ್ಟರ್ ಕಡೆಗೆ ತಿರುಗಿ ಸ್ಪಷ್ಟವಾಗಿ ಕೇಳಿದರು: "ನನ್ನ ಕನ್ನಡಕ ಎಲ್ಲಿ?"

ಅದು ಅವರ ಚೀಲದ ತಳದಲ್ಲಿತ್ತು. ಸೇರಿದ ದಿನದಿಂದ ಯಾರೂ ಹೊರತೆಗೆದಿರಲಿಲ್ಲ. ಅಷ್ಟು ದಿನವೂ ಆ ಹೆಂಗಸು ಮಂಜು ಮಂಜಾದ ಗೋಡೆಯನ್ನು ನೋಡುತ್ತ ಮಲಗಿದ್ದರು. ಹೆಡ್ ಸಿಸ್ಟರ್ ಕನ್ನಡಕವನ್ನು ತಮ್ಮ ಏಪ್ರನ್ನಿನ ತುದಿಯಲ್ಲಿ ಒರೆಸಿ, ತಾವೇ ಹಾಕಿ, ಸರ್ರನೆ ತಿರುಗಿ ಔಷಧಿಯ ಕೋಣೆಗೆ ಹೋದರು. ಹೊರಗೆ ಬರಲು ತುಸು ಹೊತ್ತು ಹಿಡಿಯಿತು.

ಮಾತು ಬಂದ ಮೇಲೆ ಕಿಟಕಿಯಾಕೆ ಎಂಥವರೆಂದು ಗೊತ್ತಾಯಿತು. ಸೈಕಲ್ ರಿಪೇರಿ ಅಂಗಡಿ ನಡೆಸಿದವರು, ಮಹಾ ಸಿಡುಕಿ. ಗಂಜಿ ನೀರು, ದಿಂಬು ಕಲ್ಲು, ಆ ಕಡೆಯವಳ ಗೊರಕೆ ತಡೆಯಲಾಗದು. ಆ ಕಡೆಯವಳು ಎಂದರೆ ನಮ್ಮ ಅತ್ತೆ. "ಇವಳಿಗೋಸ್ಕರ ಬಾಗಿಲಲ್ಲಿ ನಿಂತೆ ನೋಡು" ಎಂದು ಅತ್ತೆ ನನ್ನ ಕಿವಿಯಲ್ಲಿ ಗೊಣಗಿದರು. ಗೊಣಗಿದರೂ, ಮನೆಗೆ ಹೊರಡುವ ದಿನ ಆಕೆಯ ಮಂಚದವರೆಗೆ ತಾವೇ ನಡೆದುಹೋಗಿ, "ಹೊತ್ತು ತಪ್ಪಿದರೆ ಕಂಬಿ ತಟ್ಟು. ನಿಲ್ಲಿಸಬೇಡ" ಎಂದು ಹೇಳಿ ಬಂದರು.

ಇದೆಲ್ಲ ಆಗಿ ಕೆಲವು ವರ್ಷವಾಯಿತು. ಕಾಯಿಲೆ ಯಾರ ಧೈರ್ಯಕ್ಕೂ ಹೆದರಿ ಹಿಂದೆ ಹೋಗುವುದಿಲ್ಲ. ಅತ್ತೆ ಈಗ ನಡೆಯುವುದಿಲ್ಲ. ಗಾಲಿಕುರ್ಚಿ ಬಂದಿದೆ, ಮಾತ್ರೆಯ ಬಲ ಮೊದಲಿನಷ್ಟು ಹೊತ್ತು ನಿಲ್ಲುವುದಿಲ್ಲ, ಕೆಲವು ದಿನ ಇಲ್ಲದವರು ಕಣ್ಣಿಗೆ ಕಾಣುತ್ತಾರೆ. ನೀರೋ ಕಾಫಿಯೋ, ಗಂಟಲು ತಪ್ಪದಂತೆ ಪುಡಿ ಬೆರೆಸಿ ಮಂದ ಮಾಡಿ ಕೊಡಬೇಕು. ಮಾವನ ಕಣ್ಣಿಗೆ ಪೊರೆ ಬಂದು ಸೂಜಿಗೆ ದಾರ ಪೋಣಿಸಲು ನನ್ನನ್ನು ಕರೆಯುತ್ತಾರೆ. ನಾನೂ ನನ್ನ ಗಂಡನೂ ಪಾಳಿ ಹಾಕಿಕೊಂಡಿದ್ದೇವೆ. ಸುಸ್ತಾಗುತ್ತದೆ, ಜಗಳವಾಗುತ್ತದೆ. ಒಮ್ಮೊಮ್ಮೆ ಮೂವರೂ ಮೂರು ಕೋಣೆಯಲ್ಲಿ ಕೂತು ಯಾರೊಂದಿಗೂ ಮಾತಾಡದೆ ಇರುತ್ತೇವೆ.

ಕಳೆದ ವಾರ ದೊಡ್ಡಮ್ಮ ಬಂದಿದ್ದರು. ಅವರಿಗೂ ವಯಸ್ಸಾಗಿದೆ, ಮನಸ್ಸು ಕೆಟ್ಟದ್ದಲ್ಲ. ಊರಾಚೆ ಇಂಥವರಿಗೆಂದೇ ಒಂದು ಮನೆ ತೆರೆದಿದ್ದಾರಂತೆ, ನೋಡಿ ಬಂದಿದ್ದರು.

"ನೋಡಮ್ಮ, ಬಹಳ ಚೊಕ್ಕಟ. ತಿನ್ನಿಸೋದು, ಉಡಿಸೋದು, ಮಲಗಿಸೋದು ಎಲ್ಲಾ ಅವರೇ ಮಾಡ್ತಾರೆ. ನೀನು ಒಂದು ಬೆರಳೂ ಎತ್ತೋ ಹಾಗಿಲ್ಲ. ಇವರಿಗೂ ಒಂದು ಉಸಿರು ಬಿಟ್ಟ ಹಾಗಾಗುತ್ತೆ."

ಅತ್ತೆ ನನ್ನ ಕಡೆ ನೋಡಿದರು. ನಾನು ಹೇಳಿದೆ, "ನಿಮಗೆ ಬೇಕು ಅನ್ನಿಸಿದ್ರೆ ಹೋಗೋಣ ಅತ್ತೆ. ನಮಗೆ ಉಸಿರು ಇದೆ."

ಅತ್ತೆ ದೊಡ್ಡಮ್ಮನ ಕಡೆ ತಿರುಗಿದರು. ತಿರುಗಲು ಹೊತ್ತು ಹಿಡಿಯಿತು. ತುಟಿ ಎರಡು ಸಲ ಆಡಿ ಮೂರನೇ ಸಲಕ್ಕೆ ಮಾತು ಬಂತು.

"ಒಂದು ಬೆರಳೂ ಎತ್ತೋ ಹಾಗಿಲ್ವಾ?"

"ಇಲ್ಲಮ್ಮ, ಏನೂ ಇಲ್ಲ."

"ಅದಕ್ಕೇ ಬೇಡ."

ಆಮೇಲೆ ಕೈ ಮುಂದೆ ಚಾಚಿ, ಎರಡು ಹಿಡಿಕೆಯ ಲೋಟವನ್ನು ತಾವೇ ಹಿಡಿದು, ಗದ್ದ ತಗ್ಗಿಸಿ ಕಾಫಿ ಕುಡಿದರು. ಅರ್ಧ ಮಡಿಲಿಗೆ ಚೆಲ್ಲಿತು. ದೊಡ್ಡಮ್ಮ ಒರೆಸಲು ಏಳುವಷ್ಟರಲ್ಲಿ ಮಾವ ಅವರ ತೋಳು ಹಿಡಿದು ಕೂರಿಸಿದರು. ಅತ್ತೆ ಲೋಟ ಖಾಲಿ ಮಾಡಿ, ಕೆಳಗಿಟ್ಟು, ಇನ್ನೊಂದು ಲೋಟ ಬೇಕೆಂದರು.